ಬೈಗುಳವನ್ನೇ ಪಾಸ್‌ವರ್ಡ್ ಮಾಡಿದೆ

ಮಹಾದೇವಿ ವೈನಿ, ಪಾಸ್‌ವರ್ಡ್ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮೆದುರು ಬೇಕಂತಲೇ ತಪ್ಪು ಅಕ್ಷರ ಒತ್ತಿದೆ.

ಭೂಕಂಪದಲ್ಲಿ ನಿಮ್ಮ ಗಂಡನಾದ ನನ್ನ ಅಣ್ಣನೂ ನಿಮ್ಮ ಮಗಳು ಸುಮಾಳೂ ಹೋದ ಮೇಲೆ ಉಳಿದದ್ದು ಅವರಿಬ್ಬರ ಒಂದೇ ಫೋಟೊ. ಗೆದ್ದಲು ಅದನ್ನು ಮುಗಿಸುವ ಮೊದಲು ಉಮರ್ಗಾದ ಕಂಪ್ಯೂಟರ್ ಕ್ಲಾಸಿನಲ್ಲಿ ಸ್ಕ್ಯಾನ್ ಮಾಡಿಟ್ಟವಳು ನಾನೇ. ಕೆಲವು ವರ್ಷಗಳ ಮೇಲೆ ನೀವು ಉದಗೀರಿನವರೊಬ್ಬರನ್ನು ಮದುವೆಯಾಗಲು ಹೊರಟಿರಿ. ಮುರುಮ ಊರಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು ನಿಮಗೊಂದು ಹೊಲಸು ಮಾತು ಬೈದೆ. ಅದೇ ಸಿಟ್ಟಿನಲ್ಲಿ ಹೋಗಿ, ಫೈಲಿಗೆ ಬೀಗ ಹಾಕುವ ಸಾಫ್ಟ್‌ವೇರಿನಲ್ಲಿ ಆ ಫೋಟೊ ಮುಚ್ಚಿಟ್ಟೆ — ಪಾಸ್‌ವರ್ಡ್ ಆ ಬೈಗುಳವೇ.

ಮುಂದೆ ನೀವು ಫೋಟೊ ಕೇಳಿಕೊಂಡು ಬಂದಿರಿ.

"ಪಾಸ್‌ವರ್ಡ್ ತಗೋವಲ್ದು ವೈನಿ. ಸಾಫ್ಟ್‌ವೇರ್ ಹಳೇದಾಗ್ಯಾದ," ಎಂದೆ.

"ಬರೋಬ್ಬರಿ ನೋಡವಾ. ನನ್ನ ಕೂಸಿನ ಮಾರಿ ಮರೀಲಾಕ ಹತ್ತೀನಿ."

ಮತ್ತೆ ತಪ್ಪು ಒತ್ತಿದೆ. ನೀವು ನನ್ನ ಬೆನ್ನು ಸವರಿದಿರಿ. "ಬಿಡು, ಮಷೀನ್ ಹಠಾ ಹಿಡದ್ರ ನೀ ಏನ್ ಮಾಡ್ತಿ?"

ಮಷೀನ್! ಆ ಸಮಾಧಾನದ ಮಾತು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಈಗ ನಿಲಂಗಾದ ನನ್ನ ಮನೆಯಲ್ಲಿ ಆ ಸುಳ್ಳೇ ನಿಜವಾಗಿ ಕೂತಿದೆ. ಹೊಸ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ನಡೆಯುವುದೇ ಇಲ್ಲ. ಹಳೆಯದನ್ನು ರಿಪೇರಿ ಮಾಡಿಸಿ ತೆರೆದರೆ — ಪಾಸ್‌ವರ್ಡ್ ತಪ್ಪು. ನಾಚಿಕೆಗೇಡಿ ಎಂದು ಒತ್ತಿದೆ. ಮನೆಮುರುಕಿ ಎಂದು ಒತ್ತಿದೆ. ತಪ್ಪು. ಇನ್ನೂ ಕೆಟ್ಟದ್ದನ್ನು — ಅದೂ ತಪ್ಪು. "ಮರೆತಿರಾ?" ಎಂದು ಕೇಳುವ ಈಗಿನ ಮರ್ಯಾದೆ ಅದಕ್ಕಿಲ್ಲ. ನನ್ನ ನೆನಪು ಮಾತ್ರ ನನ್ನನ್ನು ಸಭ್ಯಳನ್ನಾಗಿ ಮಾಡಿಬಿಟ್ಟಿದೆ. ಅವತ್ತಿನ ಡೈರಿಯಲ್ಲಿ "ಮಾತಿಗೆ ಮಾತು ಬೆಳೆಯಿತು" ಎಂದಷ್ಟೇ ಬರೆದಿದ್ದೇನೆ. ಯಾರ ಮಾತು? ನೀವು ಬಾಯೇ ತೆರೆದಿರಲಿಲ್ಲ!

ಬೈದವಳು ಮರೆತಿದ್ದೇನೆ. ಬೈಸಿಕೊಂಡ ನೀವು — ಮರೆತಿರಲಾರಿರಿ.

ನಾಳೆ ಆ ಹಳೆಯ ಕಂಪ್ಯೂಟರ್ ಹೊತ್ತುಕೊಂಡು ಉದಗೀರಿಗೆ ಬರುತ್ತೇನೆ. ಆ ಮಾತನ್ನು ನಿಮ್ಮ ಬಾಯಿಂದ ಹೇಳಿಸುವುದು ಇನ್ನೊಂದು ಅನ್ಯಾಯ, ಗೊತ್ತು. ಆದರೂ ಕೇಳುತ್ತೇನೆ: ಅವತ್ತು ನಾನು ನಿಮ್ಮನ್ನು ಏನೆಂದು ಕರೆದೆ? ಹೇಳುವಾಗ ಒಂದಕ್ಷರವನ್ನೂ ಮೆತ್ತಗೆ ಮಾಡಬೇಡಿ, ವೈನಿ. ಮೆತ್ತಗಾದರೆ ಅದು ತೆರೆಯುವುದಿಲ್ಲ.