ತೊಲೊಗೊನ್ ಹೊರಗೆ ಹಾಕದ ಅತಿಥಿ

ಕಾಲಿಕೋವ್‌ನ ಮುಂದಿನ ಹಲ್ಲು ಉದುರಿದ್ದು ಒಂದು ಪ್ಲಗ್ಗಿನ ದೆಸೆಯಿಂದ. ಅವನು ನಮ್ಮ ಸಂಸ್ಥೆಯ ಭೂವಿಜ್ಞಾನ ವಿಭಾಗದ ಮುಖ್ಯಸ್ಥ. ತನ್ನ ಕಂಪ್ಯೂಟರ್ ನಿಧಾನವಾಯಿತೆಂದು ರೇಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತ. ನಮ್ಮ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ತೊಲೊಗೊನ್ ಆ ಕೋಣೆಗೆ ಹೋದ, ಬಾಗಿಲು ಮುಚ್ಚಿದ, ಒಂದೇ ಏಟು ಕೊಟ್ಟ, ಪ್ಲಗ್ಗನ್ನು ಮತ್ತೆ ಸಿಕ್ಕಿಸಿ ಹೊರಗೆ ಬಂದ. ಯಾಕೆ ಹೊಡೆದೆ ಎಂದು ನಿರ್ದೇಶಕರು ಕೇಳಿದಾಗ, ಮನೆಗೆ ಬಂದ ಅತಿಥಿಯನ್ನು ಕಾಲಿಕೋವ್ ಕತ್ತು ಹಿಡಿದು ದಬ್ಬಿದ, ಅದಕ್ಕೇ ಎಂದನಂತೆ.

ಇಂಥವನು ದಂಗೆಯ ಆ ಏಪ್ರಿಲ್‌ನಲ್ಲಿ ಅವೇ ಯಂತ್ರಗಳ ಪ್ಲಗ್ಗುಗಳನ್ನು ತಾನೇ ಕಿತ್ತು, ದೋಚಲು ಬಂದವರ ಕೈಗೆ ಒಂದೊಂದಾಗಿ ಕೊಟ್ಟ. ನೋಡಿದವಳು ನಾನು. ನಮ್ಮ ರಾಜಧಾನಿ ಬಿಷ್ಕೆಕ್‌ನಲ್ಲಿ ಇವತ್ತಿಗೂ ಅವನನ್ನು ಹೇಡಿ ಎನ್ನುವವರಿದ್ದಾರೆ. ಅವರ ಬಾಯಿಗೆ ಮಣ್ಣು ಬೀಳಲಿ.

ತೊಲೊಗೊನ್ ಅತ್-ಬಾಶಿಯ ಬೆಟ್ಟಗಳ ಕಡೆಯ ಕುದುರೆ ಕಾಯುವವನ ಮಗ. ಸೈನ್ಯದಲ್ಲಿ ಬಾಕ್ಸಿಂಗ್ ಕಲಿತು, ಮೂಗು ಮುರಿಸಿಕೊಂಡು, ಆಮೇಲೆ ಹೇಗೋ ಯೂನಿಕ್ಸ್ ಯಂತ್ರಗಳ ಕೆಲಸ ಕಲಿತು ನಮ್ಮಲ್ಲಿ ಸೇರಿದ್ದ. ಸಿಟ್ಟು ಅವನ ಆ ಮುರಿದ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾತಿಗಿಂತ ಕೈ ಮುಂದು. ವಯಸ್ಸಿನಲ್ಲಿ ದೊಡ್ಡವಳೆಂದು ನನ್ನನ್ನು ಮಾತ್ರ ‘ಎಜೆ’ ಎಂದು ಕರೆದು ಸ್ವಲ್ಪ ತಗ್ಗುತ್ತಿದ್ದ.

ನಮ್ಮದು ಭೂಕಂಪದ ಲೆಕ್ಕ ಹಾಕುವ ಸಂಸ್ಥೆ. ಯಾವ ಬೆಟ್ಟ ಬಿರಿದರೆ ಯಾವ ಊರು ಎಷ್ಟು ಅಲುಗುತ್ತದೆ ಎಂಬ ಲೆಕ್ಕ ಒಂದೇ ಯಂತ್ರಕ್ಕೆ ಹೇರಿದರೆ ನಾವು ಮುದುಕರಾದರೂ ಮುಗಿಯುವುದಿಲ್ಲ. ಅದಕ್ಕೇ ತೊಲೊಗೊನ್ ಹೊರದೇಶದಿಂದ ಒಂದು ತಂತ್ರಾಂಶ ತರಿಸಿದ. ದೊಡ್ಡ ಲೆಕ್ಕವನ್ನು ಅದು ಚೂರುಚೂರು ಮಾಡಿ, ಕಟ್ಟಡದಲ್ಲಿ ಯಾರ ಯಂತ್ರ ಸುಮ್ಮನೆ ಕೂತಿದೆಯೋ ಅದಕ್ಕೆ ಒಂದೊಂದು ಚೂರು ಕಳಿಸುತ್ತದೆ. ಆ ಚಳಿಗಾಲವೆಲ್ಲ ಡಿಸ್ಕನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಕೋಣೆಯಿಂದ ಕೋಣೆಗೆ ತಿರುಗಿದ. ಒಂದೊಂದು ಯಂತ್ರದ ಮುಂದೆಯೂ ಕೂತು ತಂತ್ರಾಂಶ ಇಳಿಸಿ, ಹೀಗೆ ಹೊರಗಿನಿಂದ ಬರುವ ಪರಕೆಲಸಕ್ಕೆಂದು ಬೇರೆಯೇ ಖಾತೆ ತೆರೆದು, ಗಡಿಯಾರ ಸರಿಮಾಡಿ, ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಹಂಚುವ ಯಜಮಾನ ಯಂತ್ರದ ಮಾತು ಕೇಳುವಂತೆ ಹೊಂದಿಸಿದ. ಕೊನೆಗೆ ಒಂದು ಪುಟ್ಟ ಕಡತ ಬರೆಯುತ್ತಿದ್ದ. ಪರಕೆಲಸ ಯಾವಾಗ ಒಳಗೆ ಬರಬಹುದು, ಯಾವಾಗ ಎದ್ದು ಹೋಗಬೇಕು ಎಂಬ ನಿಯಮ ಇರುವುದು ಅದರಲ್ಲೇ.

ತಂತ್ರಾಂಶ ಮಾಡಿದವರ ನಿಯಮ ಸೀದಾ ಇತ್ತು. ಯಂತ್ರದ ಒಡೆಯ ಬಂದು ಕೀಲಿಮಣೆ ಮುಟ್ಟಿದ ಕೂಡಲೇ ಪರಕೆಲಸ ಜಾಗ ಖಾಲಿಮಾಡಬೇಕು. ಅರ್ಧಕ್ಕೆ ಎದ್ದ ಕೆಲಸ ಬೇರೆ ಕಡೆ ಮೊದಲಿನಿಂದ ಶುರುವಾಗಬೇಕು, ಅರ್ಧ ಬೆಂದ ರೊಟ್ಟಿಯನ್ನು ಬಿಸಾಡಿ ಹೊಸದಾಗಿ ಹಿಟ್ಟು ಕಲಸಿದ ಹಾಗೆ. ಇದನ್ನು ಓದಿ ತೊಲೊಗೊನ್‌ಗೆ ಮೈಯೆಲ್ಲ ಉರಿಯಿತು. ಮನೆಯವನು ಬಂದ ಅಂತ ಅತಿಥಿಯನ್ನು ಎಬ್ಬಿಸಿ ಕಳಿಸುವುದು ಯಾವ ಸೀಮೆಯ ನಡತೆ ಎಂದು ಆ ಸಾಲುಗಳನ್ನೇ ತಿದ್ದಿದ. ಅವನ ನಿಯಮದಲ್ಲಿ ಒಳಗೆ ಬಂದ ಕೆಲಸವನ್ನು ಒಡೆಯನೂ ಏಳಿಸುವ ಹಾಗಿರಲಿಲ್ಲ.

ಅನುಭವಿಸಿದವರು ನಾವು. ನಾನು ನಕ್ಷೆ ವಿಭಾಗದವಳು. ಒಂದು ಗೆರೆ ಎಳೆದರೆ ತೆರೆಯ ಮೇಲೆ ಅದು ಮೂಡುವಷ್ಟರಲ್ಲಿ ಚಹಾ ಆರುತ್ತಿತ್ತು. ಹೋಗಿ ಜಗಳ ತೆಗೆದೆ.

“ಲೋ, ನಿನ್ನ ಅತಿಥಿ ನನ್ನ ಯಂತ್ರದಿಂದ ಯಾವಾಗೋ ಏಳೋದು?”

“ಊಟ ಮುಗಿದ್ಮೇಲೆ, ಎಜೆ.”

“ಯಾವ ಊಟ? ಸೋಮವಾರದಿಂದ ಉಣ್ತಾನೇ ಇದ್ದಾನೆ.”

“ಹಾಗಾದ್ರೆ ತುಂಬಾ ದೂರದಿಂದ ಬಂದಿರ್ಬೇಕು, ಪಾಪ.”

ನಗು ಬಂದರೂ ಬೈದೆ. ಆಗ ಅವನು ಅಪ್ಪನ ಕತೆ ಹೇಳಿದ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಅವರ ಗುಡಾರಕ್ಕೆ ಯಾರೋ ಒಬ್ಬ ರಕ್ತ ಸುರಿಯುವ ಕಾಲೆಳೆದುಕೊಂಡು ಬಂದು ಚಹಾ ಕೇಳಿದನಂತೆ. ಕರೆಯದೆ ಬಂದವನು ನಮ್ಮಲ್ಲಿ ದೇವರ ಅತಿಥಿ. ಹಿಂದೆಯೇ ಮೂವರು ಕುದುರೆ ಸವಾರರು ಬಂದು, ಅವನು ನಮ್ಮ ಹೆಣ್ಣುಕುದುರೆ ಕದ್ದವನು, ಹೊರಗೆ ಕೊಡು ಎಂದರು. ಗುಡ್ಡ ದಾಟಿದ ಮೇಲೆ ಅವನು ನಿಮ್ಮವನು, ಒಳಗಿರುವ ತನಕ ನನ್ನವನು ಎಂದು ಅಪ್ಪ ಬಾಗಿಲಿಗೆ ಅಡ್ಡ ನಿಂತ. ಅವರು ದೊಣ್ಣೆಯಿಂದ ಅಪ್ಪನ ಮೊಣಕೈ ಪುಡಿ ಮಾಡಿದರು. ಅದು ಮತ್ತೆ ನೆಟ್ಟಗಾಗಲಿಲ್ಲ. ಬೆಳಿಗ್ಗೆ ಹೋಗುವಾಗ ಕಳ್ಳ ಅಪ್ಪನ ಚಾವಟಿಯನ್ನೂ ಎತ್ತಿಕೊಂಡು ಹೋದನಂತೆ. ಆದರೂ ಅಪ್ಪ, ಬಂದವನನ್ನು ಹೊರಗೆ ಹಾಕಿದ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದೇ ಹೇಳುತ್ತ ಸತ್ತನಂತೆ.

ತೊಲೊಗೊನ್‌ಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದವನು ತಂಗಿ ಜಿಪಾರ್‌ಳ ಮಗ ಎರ್ಮೆಕ್ ಒಬ್ಬನೇ. ಜಿಪಾರ್‌ಳ ಗಂಡ ಕಟ್ಟಡ ಕೆಲಸಕ್ಕೆಂದು ರಷ್ಯಾಕ್ಕೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಎರ್ಮೆಕ್‌ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು, ಓದಿಸಿದ್ದು, ಮುಷ್ಟಿ ಹಿಡಿಯಲು ಕಲಿಸಿದ್ದು ಈ ಸೋದರಮಾವ. ಬೈಗುಳವಿಲ್ಲದೆ ಅವನ ಬಾಯಿಂದ ಬರುತ್ತಿದ್ದ ಹೆಸರು ಅದೊಂದೇ.

ಆ ಏಪ್ರಿಲ್ ದಿನ ಬೆಳಿಗ್ಗೆ ಎರ್ಮೆಕ್ ಸಂಸ್ಥೆಗೇ ಬಂದ. ಸರ್ಕಾರದ ವಿರುದ್ಧ ಜನ ಚೌಕದಲ್ಲಿ ಸೇರುತ್ತಿದ್ದಾರೆ, ನಾನೂ ಹೋಗುತ್ತೇನೆ ಎಂದ. ತೊಲೊಗೊನ್ ಬೇಡವೆಂದ. ಮಾತಿಗೆ ಮಾತು ಬೆಳೆದು ಅಂಗಳದಲ್ಲೇ ಕೈಕೈ ಮಿಲಾಯಿಸಿದರು. ಮಾವ ಅವನ ಕಪಾಳಕ್ಕೆ ಬಾರಿಸಿ, ಎಳೆದು ಉಗ್ರಾಣಕ್ಕೆ ಹಾಕಿ ಚಿಲಕ ಜಡಿದ. ಹುಡುಗ ಅವನದೇ ರಕ್ತ. ಕಿಟಕಿಯ ಗಾಜು ಒಡೆದು, ಅಂಗೈ ಕುಯ್ದುಕೊಂಡು, ಹಾರಿ ಹೋದ. ಮುರಿದ ಗಾಜಿನ ಮೇಲಿದ್ದ ರಕ್ತವನ್ನು ತೊಲೊಗೊನ್ ತನ್ನ ತೋಳಿನಿಂದ ಒರೆಸಿದ.

ಮಧ್ಯಾಹ್ನದ ಹೊತ್ತಿಗೆ ಗುಂಡಿನ ಸದ್ದು ಶುರುವಾಯಿತು. ಚೌಕ ನಮ್ಮಿಂದ ಮೂರೇ ಬೀದಿ ಆಚೆ. ಎಲ್ಲರೂ ಓಡಿದರು, ಕಾವಲುಗಾರ ಎಲ್ಲರಿಗಿಂತ ಮೊದಲು. ಬಸ್ಸಿಲ್ಲದೆ ನಾನು ಉಳಿದೆ. ತೊಲೊಗೊನ್ ಉಳಿದದ್ದು ಲೆಕ್ಕಕ್ಕಾಗಿ. ಚಳಿಗಾಲದಿಂದ ಓಡುತ್ತಿದ್ದ ದೊಡ್ಡ ಲೆಕ್ಕ ಇನ್ನು ವಾರದಲ್ಲಿ ಮುಗಿಯುವುದಿತ್ತು. ಎರ್ಮೆಕ್‌ಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ. ಅವನು ಎತ್ತುತ್ತಿರಲಿಲ್ಲ.

ಆಗ ಹಿಂದಿನ ಗೋಡೆ ಹಾರಿ ಒಬ್ಬ ಪೊಲೀಸಿನವನು ಅಂಗಳಕ್ಕೆ ಬಿದ್ದ. ಶಿರಸ್ತ್ರಾಣ ಇಲ್ಲ, ಒಂದು ಕಿವಿ ಹರಿದು ಜೋತಾಡುತ್ತಿತ್ತು, ಅಂಗಿಯ ಎದೆಯೆಲ್ಲ ರಕ್ತ. ಎರ್ಮೆಕ್‌ನಷ್ಟೇ ವಯಸ್ಸು. ಹೆಸರು ಸಮಗಾನ್ ಎಂದ. “ಬೈಕೆ, ಅಣ್ಣಾ, ನನ್ನನ್ನ ಕೊಲ್ತಾರೆ” ಎಂದು ತೊಲೊಗೊನ್‌ನ ಕಾಲ ಬಳಿ ಕುಸಿದ. ತೊಲೊಗೊನ್ ಏನೂ ಕೇಳಲಿಲ್ಲ. ಕಂಕುಳಿಗೆ ಕೈಹಾಕಿ ಎತ್ತಿ ಹಿಂದಿನ ಕೋಣೆಗೆ ಒಯ್ದು, ಯಜಮಾನ ಯಂತ್ರದ ಕಪಾಟಿನ ಹಿಂದೆ ಕೂರಿಸಿ, ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟ. ಚೌಕದಲ್ಲಿ ನಮ್ಮ ಮಕ್ಕಳ ಮೇಲೆ ಗುಂಡು ಹಾರಿಸುತ್ತಿರುವವರು ಇವರೇ ಅಲ್ಲವೇ, ಎರ್ಮೆಕ್ ಅಲ್ಲೇ ಇಲ್ಲವೇ ಎಂದೆ. ರೊಟ್ಟಿ ತಿಂದಾಗಿದೆ ಎಜೆ ಎಂದಷ್ಟೇ ಹೇಳಿ ಬಾಗಿಲೆಳೆದ.

ಸ್ವಲ್ಪ ಹೊತ್ತಿಗೆ ಜಿಪಾರ್‌ಳ ಫೋನ್ ಬಂತು. ಅವಳ ಕೂಗು ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು. ಗುಂಡು ಎರ್ಮೆಕ್‌ನ ಕತ್ತಿಗೆ ಹೊಕ್ಕಿತ್ತು. ಗೆಳೆಯರು ಹೊತ್ತು ತರುವಾಗ ದಾರಿಯಲ್ಲೇ ಹೋಗಿಬಿಟ್ಟ.

ತೊಲೊಗೊನ್ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಹಿಂದಿನ ಕೋಣೆಗೆ ನಡೆದ. ನಾನು ಹಿಂದೆಯೇ ಓಡಿದೆ, ತಡೆಯಲು ಅಲ್ಲ. ಆ ಗಳಿಗೆಯಲ್ಲಿ ಆ ಪೊಲೀಸಿನವನು ಸಾಯಲಿ ಎಂದೇ ಇತ್ತು ನನಗೆ, ಅದನ್ನು ಯಾಕೆ ಮುಚ್ಚಿಡಲಿ. ಸಮಗಾನ್ ಅರ್ಧ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತ.

“ನೀನು ಗುಂಡು ಹೊಡೆದ್ಯಾ?”

“ಇಲ್ಲ ಬೈಕೆ. ನಂಗೆ ಬಂದೂಕೇ ಕೊಟ್ಟಿರ್ಲಿಲ್ಲ. ಗುರಾಣಿ, ಲಾಠಿ ಅಷ್ಟೇ.”

“ನಿನ್ನ ಪಕ್ಕದಲ್ಲಿದ್ದವನು?”

“ಅವನು ಹೊಡೀತಿದ್ದ.”

ತೊಲೊಗೊನ್‌ನ ಮುಷ್ಟಿ ಮೇಲೆದ್ದಿತು. ಆ ಮುಷ್ಟಿ ಏನು ಮಾಡಬಲ್ಲದೆಂದು ಇಡೀ ಸಂಸ್ಥೆಗೆ ಗೊತ್ತು. ಅದು ಹೋಗಿ ಬಡಿದದ್ದು ಯಜಮಾನ ಯಂತ್ರಕ್ಕೆ. ತಗಡು ಒಳಗೆ ಕುಸಿಯಿತು. ಮತ್ತೆ ಹೊಡೆದ, ಮತ್ತೆ ಹೊಡೆದ. ಕಪಾಟಿನಿಂದ ಅದನ್ನು ಕಿತ್ತು ನೆಲಕ್ಕೆ ಅಪ್ಪಳಿಸಿ, ಬೂಟುಗಾಲಲ್ಲಿ ತುಳಿದ. ತಂತಿಗಳನ್ನು ಕರುಳಿನ ಹಾಗೆ ಹೊರಗೆಳೆದ. ಬೆರಳ ಗೆಣ್ಣುಗಳ ಚರ್ಮ ಸುಲಿದು ರಕ್ತ ಹಾರಿ ಗೋಡೆಗೆ ಬಿತ್ತು. ಚಳಿಗಾಲವೆಲ್ಲ ಕಟ್ಟಿದ್ದು ಹಾಗೆ ಹೋಯಿತು. ಹುಡುಗ ಕಪಾಟಿನ ಹಿಂದಿನ ಮೂಲೆಯಲ್ಲಿ ಮಂಡಿಗೆ ಮುಖ ಕೊಟ್ಟು ಕೂತಿದ್ದ. ಅವನಿಗೆ ಒಂದು ಏಟೂ ಬೀಳಲಿಲ್ಲ.

ಅಷ್ಟರಲ್ಲಿ ಮುಂದಿನ ಗೇಟಿಗೆ ಕಬ್ಬಿಣದ ಸಲಾಕೆಗಳು ಬಡಿಯತೊಡಗಿದವು. ಪೊಲೀಸಿನವನನ್ನು ಅಟ್ಟಿಸಿಕೊಂಡು ಬಂದವರು ಕೆಲವರು, ಅವರ ಹಿಂದೆ ದೋಚಲು ಬಂದವರು ಬಹಳ ಮಂದಿ. ತೊಲೊಗೊನ್ ಹೋಗಿ ಗೇಟನ್ನು ತಾನೇ ತೆಗೆದ. ಒಡೆಯಬೇಡಿ, ಬೇಕಾದ್ದು ನಾನೇ ಬಿಚ್ಚಿ ಕೊಡುತ್ತೇನೆ ಎಂದ. ಮೊದಲು ಕೊಟ್ಟದ್ದು ಕಾಲಿಕೋವ್‌ನ ಯಂತ್ರ, ಆಮೇಲೆ ನನ್ನದು. ಪ್ಲಗ್ ಕಿತ್ತಾಗಲೆಲ್ಲ ಒಂದೊಂದು ಲೆಕ್ಕ ಅರ್ಧಕ್ಕೆ ಸತ್ತಿತು. ಕೈ ತುಂಬಿದವರು ತುಂಬಿದ ಹಾಗೆ ಬೀದಿಗೆ ಓಡಿದರು.

ಆದರೆ ಸಲಾಕೆ ಹಿಡಿದ ಒಬ್ಬ ದಪ್ಪ ಕುತ್ತಿಗೆಯವನಿಗೆ ಯಂತ್ರ ಬೇಕಿರಲಿಲ್ಲ. ಅವನು ಹಿಂದಿನ ಕೋಣೆಯ ಬಾಗಿಲಿಗೇ ಬಂದ. ತೊಲೊಗೊನ್ ಅಡ್ಡ ನಿಂತ. ಅವನ ಬೆನ್ನ ಹಿಂದೆ ಯಂತ್ರದ ಚೂರುಗಳು ಬಿದ್ದಿದ್ದವು. ಒಳಗಿದ್ದದ್ದು ಇಷ್ಟೇ, ಆಗಲೇ ಒಡೆದಾಗಿದೆ ಎಂದ. ದಪ್ಪ ಕುತ್ತಿಗೆಯವನು ಗೋಡೆಯ ರಕ್ತ ನೋಡಿ, ಪೊಲೀಸು ಒಳಗಿದ್ದಾನೆ ಎಂದು ಸಲಾಕೆ ಬೀಸಿದ. ಏಟು ಎಡಗಿವಿಗೆ ಬಿತ್ತು. ತೊಲೊಗೊನ್ ತೂರಾಡಿ ಮತ್ತೆ ಬಾಗಿಲಿಗೇ ಬಂದು ನಿಂತ. ಮನಸ್ಸು ಮಾಡಿದ್ದರೆ ಅವನನ್ನು ಅಲ್ಲೇ ಮಲಗಿಸಬಹುದಿತ್ತು. ಕೈ ಎತ್ತಲಿಲ್ಲ, ಜಗಳವಾದರೆ ಉಳಿದವರು ವಾಪಸು ಬರುತ್ತಿದ್ದರು. ಬದಲಿಗೆ ಒಂದು ಮಾತು ಹೇಳಿದ.

“ನನ್ನ ಹುಡುಗ ಈಗಷ್ಟೇ ಚೌಕದಲ್ಲಿ ಸತ್ತಿದ್ದಾನೆ. ಹೆಸರು ಎರ್ಮೆಕ್, ಹೋಗಿ ಕೇಳು. ಒಳಗೆ ಪೊಲೀಸು ಇದ್ದಿದ್ರೆ ನಿನಗೋಸ್ಕರ ಬಿಟ್ಟಿರ್ತಿದ್ನಾ?”

ಆ ಮುಖ ನೋಡಿದ ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ. ಸಲಾಕೆಯವನು ಅವನನ್ನು ತಬ್ಬಿಕೊಂಡು, ತಪ್ಪಾಯಿತು ಬೈಕೆ ಎಂದು ಅತ್ತು ಹೋದ. ತೊಲೊಗೊನ್ ಗೋಡೆಗೊರಗಿ ಹಾಗೇ ಜಾರಿ ಕೂತ. ಕಿವಿಯಿಂದ ರಕ್ತ ಕಾಲರಿನೊಳಗೆ ಇಳಿಯುತ್ತಿತ್ತು.

ಸಂಜೆ ಸಮಗಾನ್‌ಗೆ ತನ್ನ ಕೋಟು ಹಾಕಿ, ಹಿಂದಿನ ಗೋಡೆ ಹತ್ತಿಸಿ ಕಳಿಸಿದ. ಒಳಗೆ ಕೂತೇ ಹುಡುಗ ಎಲ್ಲ ಕೇಳಿಸಿಕೊಂಡಿದ್ದ. ಎರಡೂ ಕೈಯಿಂದ ಅವನ ಕೈ ಹಿಡಿಯಲು ಬಂದಾಗ ತೊಲೊಗೊನ್ ಕೈ ಹಿಂದಕ್ಕೆಳೆದುಕೊಂಡ. ಡಿಸ್ಕು ಆ ಕೋಟಿನ ಒಳಜೇಬಿನಲ್ಲೇ ಹೋಯಿತು.

ಸುದ್ದಿ ನಿಲ್ಲುತ್ತದೆಯೇ? ಬದುಕುಳಿದ ಹುಡುಗ ತನ್ನ ತಾಯಿಗೆ ಹೇಳಿದ, ಆ ತಾಯಿ ಹರಸುತ್ತ ಹತ್ತು ಮನೆಗೆ ಹೇಳಿದಳು, ಜಿಪಾರ್‌ಳ ಕಿವಿಗೂ ಬಿತ್ತು. ಎರ್ಮೆಕ್ ಸತ್ತ ನಲವತ್ತನೆಯ ದಿನದ ಊಟಕ್ಕೆ ತೊಲೊಗೊನ್ ಒಂದು ಕುರಿ ಹೊಡೆದುಕೊಂಡು ಹೋದ. ಅಂಗಳದ ತುಂಬ ಜನ, ಕಡಾಯಿಯಲ್ಲಿ ಮಾಂಸ ಕುದಿಯುತ್ತಿತ್ತು. ಜಿಪಾರ್ ಹೊಸ್ತಿಲಲ್ಲಿ ಅಣ್ಣನ ಎದೆಗೆ ಎರಡೂ ಕೈ ಕೊಟ್ಟು ದಬ್ಬಿದಳು.

“ನಿನ್ನ ಒಲೆ ಚೆನ್ನಾಗಿ ಉರೀಲಿ ಅಣ್ಣ. ನನ್ನದು ಆರಿತು. ನನ್ನ ಮಗನ ಹೆಣ ಅಡ್ಡ ಇಟ್ಟು ಅವನನ್ನ ಉಳಿಸಿದೆಯಲ್ಲ. ಆಚೆ ನಡಿ.”

ನಲವತ್ತನೆಯ ದಿನ ಶತ್ರುವನ್ನೂ ನಾವು ಊಟವಿಲ್ಲದೆ ಕಳಿಸುವುದಿಲ್ಲ. ಇಡೀ ಅಂಗಳ ನೋಡುತ್ತಿತ್ತು. ತೊಲೊಗೊನ್ ಕುರಿಯನ್ನು ಬೇಲಿಗೆ ಕಟ್ಟಿ ಹೊರಟುಹೋದ.

ಮರುವರ್ಷ ಸಂಸ್ಥೆಗೆ ಹೊಸ ಯಂತ್ರಗಳು ಬಂದವು. ಅವನು ಮತ್ತೆ ಕೋಣೆಯಿಂದ ಕೋಣೆಗೆ ಹೋಗಿ ಹೊಸದಾಗಿ ತರಿಸಿದ ಅದೇ ತಂತ್ರಾಂಶ ಹಾಕಿದ. ನಾನು ನಕ್ಷೆ ತೆರೆದೆ. ಗೆರೆ ಎಳೆದ ಕೂಡಲೇ ಮೂಡಿತು. ನನಗೆ ಅನುಮಾನ ಬಂದು ಕೂಗಿ ಕರೆದೆ.

“ಕೀಲಿ ಮುಟ್ಟಿದ ತಕ್ಷಣ ಅತಿಥಿ ಎದ್ದು ಹೋಗ್ತಿದ್ದಾನಲ್ಲೋ?”

ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿದ. “ಅದನ್ನ ಮಾಡಿದವರು ಬರೆದದ್ದೇ ಸರಿ ಎಜೆ. ಮನೆಯವರು ಬಂದ್ರೆ ಏಳ್ಬೇಕು.”

“ನಿಮ್ಮಪ್ಪ ಹಾಗೆ ಹೇಳ್ಲಿಲ್ಲ.”

“ಅಪ್ಪ ಬರೀ ಕೈ ಕೊಟ್ಟ. ನಾನು ಎರ್ಮೆಕ್‌ನ ಕೊಟ್ಟೆ. ಇನ್ನೊಬ್ಬ ಬಂದ್ರೆ ಕೊಡೋಕೆ ನನ್ನ ಹತ್ರ ಏನಿದೆ?”

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. ನನಗೆ ಯಾವಾಗಲೂ ಸಿಟ್ಟೇ ಗೆಲ್ಲುವುದು. ಕುರ್ಚಿಯನ್ನು ಅವನ ಕಡೆ ಒದ್ದೆ.

“ಕೂತ್ಕೋ. ನನ್ನ ಯಂತ್ರದಲ್ಲಿ ಹಳೇ ನಿಯಮಾನೇ ಬರಿ.”

“ನಿಧಾನ ಆಗುತ್ತೆ.”

“ಆಗ್ಲಿ. ಇದು ನನ್ನ ಮನೆ.”

ಕೂತ. ಗಾಯ ಮಾಸಿ ಗಂಟುಗಟ್ಟಿದ ಬೆರಳುಗಳಿಂದ ಒಂದೊಂದೇ ಅಕ್ಷರ ಒತ್ತಿ ಆ ಸಾಲುಗಳನ್ನು ತಿದ್ದಿದ. ಮುಗಿದ ಮೇಲೂ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದ. ನನಗೆ ಮುಗಿಸಬೇಕಾದ ನಕ್ಷೆಯಿತ್ತು. ಚಹಾ ಬಗ್ಗಿಸಿ ಅವನ ಮುಂದಿಟ್ಟೆ. ಏಳು ಎನ್ನಲಿಲ್ಲ.