ಬ್ಯಾಂಕಿನ ಕಾಗದಕ್ಕೆ ನಾನು ಬರೆದ ಉತ್ತರ

ಈಚೆಗೆ ಒಬ್ಬ ಕಳ್ಳ ನನ್ನ ಅಮ್ಮನ ತವರುಮನೆಯ ಹೆಸರು ಕೇಳಿದ. ನಾನು ಹೇಳಿದೆ.

ಹೇಳಿದ್ದಷ್ಟೇ ಅಲ್ಲ, ಸ್ಪೆಲಿಂಗ್ ತಪ್ಪಾಗಬಾರದೆಂದು ಎರಡು ಸಲ ಓದಿ ನೋಡಿದೆ. ಜೊತೆಗೆ ಅಕೌಂಟ್ ನಂಬರ್, ಕಾರ್ಡಿನ ಮೇಲಿನ ಹದಿನಾರು ಅಂಕಿ, ಹಿಂಬದಿಯ ಮೂರು ಅಂಕಿ, ಪಾಸ್‌ವರ್ಡ್. ಕೇಳಿದ್ದನ್ನೆಲ್ಲ ಕೊಟ್ಟೆ. ಕೊನೆಯಲ್ಲಿ ಒಂದು ಚೌಕ ಖಾಲಿ ಉಳಿದಿತ್ತು. ಅದರಲ್ಲಿ ‘ಥ್ಯಾಂಕಿಂಗ್ ಯೂ, ಯುವರ್ಸ್ ಫೇತ್‌ಫುಲಿ’ ಎಂದು ಬರೆದು ಹೆಸರು ಹಾಕಿದೆ. (ನಗಬೇಡಿ. ಇದು ನಗುವ ಕಥೆಯಲ್ಲ.)

ಆದದ್ದು ಇಷ್ಟು. ಶೃಂಗೇರಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ಹೊಸದಾಗಿ ಇಂಟರ್ನೆಟ್ ಹಾಕಿಸಿದ್ದರು. ಊಟವಾದ ಮೇಲೆ ಮೇಲ್ ನೋಡೋಣವೆಂದು ಕೂತೆ. ಬ್ಯಾಂಕಿನಿಂದ ಒಂದು ಮೇಲ್ ಬಂದಿತ್ತು. ‘ನಲವತ್ತೆಂಟು ಗಂಟೆಯೊಳಗೆ ನಿಮ್ಮ ವಿವರಗಳನ್ನು ಖಚಿತಪಡಿಸಿ, ಇಲ್ಲವಾದರೆ ಕಾರ್ಡ್ ರದ್ದಾಗುತ್ತದೆ, ಇಲ್ಲಿ ಒತ್ತಿ’ ಎಂದು ಇಂಗ್ಲಿಷಿನಲ್ಲಿತ್ತು. ಒತ್ತಿದೆ. ಬ್ಯಾಂಕಿನದ್ದೇ ಚಿಹ್ನೆ, ಬ್ಯಾಂಕಿನದ್ದೇ ಬಣ್ಣ. ಅನುಮಾನ ಯಾಕಾದರೂ ಬರಬೇಕು?

ನಾನು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತವನು. ಮೊದಲು ನರಸಿಂಹರಾಜಪುರದಲ್ಲಿ, ಆಮೇಲೆ ಕೊಪ್ಪದಲ್ಲಿ. ಬಂದ ಕಾಗದಕ್ಕೆ ಉತ್ತರ ಬರೆಯದವರನ್ನು ಕಂಡರೆ ನನಗಾಗದು. ನಮ್ಮ ಕಡೆ ಅದು ಅಮರ್ಯಾದೆ. ಮದುವೆಗೆ ಹೋಗಲಾಗದಿದ್ದರೂ ಒಂದು ಕಾರ್ಡು ಗೀಚಿ ಹಾಕುತ್ತೇವೆ. ಅಂಥದ್ದರಲ್ಲಿ ಬ್ಯಾಂಕಿನವರೇ ಬರೆದು ಕೇಳಿದರೆ ಸುಮ್ಮನಿರುವುದು ಹೇಗೆ? ಅದೂ ಅಮ್ಮನ ತವರಿನ ಹೆಸರು ಕೇಳಿದ್ದರು. ಅಮ್ಮ ಹೋಗಿ ಇಪ್ಪತ್ತು ವರ್ಷವಾಯಿತು. ಅವಳ ತವರು ಯಾವುದೆಂದು ಈ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಅಡ್ಡಗದ್ದೆ ಹತ್ತಿರದ ಆ ಮನೆಯ ಹೆಸರನ್ನು ಟೈಪ್ ಮಾಡುವಾಗ ನಿಜಕ್ಕೂ ಖುಷಿಯಾಗಿತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇದೇ ನಾನು, ಕೌಂಟರಿನಲ್ಲಿದ್ದಾಗ ಇನ್ನೂರು ರೂಪಾಯಿಯ ಮನಿ ಆರ್ಡರನ್ನೂ ಗುರುತಿಲ್ಲದೆ ಕೊಟ್ಟವನಲ್ಲ. ಬಸರೀಕಟ್ಟೆಯಿಂದ ಬಂದ ಒಬ್ಬ ಹೆಂಗಸನ್ನು ‘ಹೆಬ್ಬೆಟ್ಟಿಗೆ ಸಾಕ್ಷಿ ಕರ್ಕೊಂಡು ಬಾ’ ಎಂದು ವಾಪಸು ಕಳಿಸಿದ್ದೂ ಇದೆ. ಸಾಕ್ಷಿ ಕೇಳಬೇಕಾದ ಕಡೆ ಮಾತ್ರ ಕೇಳಲಿಲ್ಲ.

ವಾರ ಕಳೆದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದೆ. ಮೂವತ್ತೆಂಟು ಸಾವಿರ ಇರಲಿಲ್ಲ. ಮ್ಯಾನೇಜರ್ ಕೂಡಲೇ ಕಾರ್ಡ್ ನಿಲ್ಲಿಸಿ, ನೀರು ಕೊಟ್ಟು ಕೇಳಿದರು, ‘ಕಾರ್ಡ್ ಎಲ್ಲೆಲ್ಲಿ ಬಳಸಿದ್ದೀರಿ?’

‘ಒಂದೇ ಕಡೆ. ದಿನೇಶನ ಅಂಗಡಿಯಲ್ಲಿ, ರೈಲು ಟಿಕೆಟಿಗೆ.’

ಶೃಂಗೇರಿಯ ವಿಷಯ ನನ್ನ ಬಾಯಿಗೆ ಬರಲೇ ಇಲ್ಲ. ಮುಚ್ಚಿಟ್ಟೆನೆಂದಲ್ಲ. ನನ್ನ ಲೆಕ್ಕದಲ್ಲಿ ಅಲ್ಲಿ ನಾನು ಕಾರ್ಡ್ ಬಳಸಿಯೇ ಇರಲಿಲ್ಲ. ಕಾಗದಕ್ಕೆ ಉತ್ತರ ಬರೆದಿದ್ದೆ, ಅಷ್ಟೆ.

ದಿನೇಶನದ್ದು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಇಂಟರ್ನೆಟ್ ಅಂಗಡಿ. ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್. ಅವನೂ ಅವನ ಹೆಂಡತಿಯೂ ಸೇರಿ ನಡೆಸುತ್ತಿದ್ದರು. ಮಕ್ಕಳ ರಿಸಲ್ಟ್, ಕೆಲಸದ ಅರ್ಜಿ ಎಲ್ಲವೂ ಅಲ್ಲೇ. (ನಮ್ಮೂರಿಗೆ ರೈಲಿಲ್ಲ, ಆದರೆ ರೈಲು ಟಿಕೆಟ್ ಅಲ್ಲಿ ಸಿಗುತ್ತಿತ್ತು!) ಕಾರ್ಡ್ ನಂಬರ್ ಹಾಕುವ ಹೊತ್ತಿಗೆ ಅವನು ಕುರ್ಚಿಯಿಂದ ಎದ್ದು, ‘ನೀವೇ ಹೊಡೀರಿ ಸಾರ್, ನಾ ನೋಡುದಿಲ್ಲ’ ಎಂದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾ ನಿಲ್ಲುತ್ತಿದ್ದ. ಅವನಿಗೆ ಯಾರೂ ಕಲಿಸಿದ್ದಲ್ಲ. ನಾನು ಬಿಡಬೇಕಲ್ಲ! ‘ನಂಗೆ ಆ ಕೀಬೋರ್ಡ್ ಆಗುದಿಲ್ಲ ಮಾರಾಯ, ಬಾ, ನಾನು ಓದ್ತೇನೆ, ನೀನು ಹೊಡಿ’ ಎಂದು ಕರೆದು ಕೂರಿಸಿದೆ. ಹದಿನಾರೂ ಅಂಕಿಗಳನ್ನು, ಹಿಂದಿನ ಮೂರನ್ನೂ ಸೇರಿಸಿ, ಅಂಗಡಿಗೆಲ್ಲ ಕೇಳುವಂತೆ ಓದಿದೆ. ಮೂವತ್ತು ವರ್ಷ ಕೌಂಟರಿನಲ್ಲಿ ಕೂಗಿದ ಗಂಟಲು ನನ್ನದು.

ಬ್ಯಾಂಕಿನಿಂದ ಹೊರಬಿದ್ದವನು ಎದುರಿನ ಹೋಟೆಲಿಗೆ ಹೋದೆ. ಅಲ್ಲಿ ನಮ್ಮ ದಿನನಿತ್ಯದ ನಾಲ್ಕೈದು ಜನರ ಗುಂಪು ಕೂತಿತ್ತು.

‘ಎಂತ ಆಯ್ತು ಮಾರಾಯ್ರೆ, ಮುಖ ಹಿಂಗಾಗಿದೆ?’

ಹೇಳಿದೆ. ಎಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸಿದೆ, ‘ನಾನು ಕಾರ್ಡಿನ ನಂಬರ್ ಹೇಳಿದ್ದು ದಿನೇಶನಿಗೆ ಮಾತ್ರ.’

ಅವನು ಕದ್ದ ಎಂದು ನಾನು ಹೇಳಲಿಲ್ಲ. ಎಷ್ಟೋ ರಾತ್ರಿ ಇದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಹೇಳಬೇಕಾದ್ದು ಉಳಿದಿತ್ತೇನು? ಕೇಳಿದವರು ತಲೆ ಅಲ್ಲಾಡಿಸಿದರು. ಮಧ್ಯಾಹ್ನದ ಬಸ್ಸಿಗೆ ಮಾತು ಹರಿಹರಪುರ ಮುಟ್ಟಿತು. ಆಡಿದ ಮಾತು, ಒಡೆದ ಮುತ್ತು ಎರಡೂ ಒಂದೇ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವರು ನಾವು. ಕೇಳಿಕೊಂಡು ಬಂದದ್ದಷ್ಟೇ.

ಮೊದಲು ತಾಯಂದಿರು ಹೆಣ್ಣುಮಕ್ಕಳನ್ನು ಅವನ ಅಂಗಡಿಗೆ ಕಳಿಸುವುದು ಬಿಟ್ಟರು. ಆಮೇಲೆ ಟಿಕೆಟಿನವರು. ದುಡ್ಡು ಹೋಯಿತೆಂದು ನಾನು ಕೊಟ್ಟ ದೂರಿನ ಮೇಲೆ ಪೊಲೀಸರು ಅವನನ್ನು ಠಾಣೆಗೆ ಕರೆಸಿ, ಕೇಳಿ, ಕಳಿಸಿದರು. ಕಳಿಸಿದ್ದನ್ನು ಯಾರೂ ನೋಡಲಿಲ್ಲ. ಕರೆಸಿದ್ದನ್ನು ಎಲ್ಲರೂ ನೋಡಿದರು. ಜೆರಾಕ್ಸಿಗೆ ಬರುತ್ತಿದ್ದವರೂ ‘ಒರಿಜಿನಲ್ ಅವನ ಕೈಗೆ ಎಂತಕ್ಕೆ ಕೊಡುದು’ ಎಂದು ಬೇರೆ ಅಂಗಡಿ ಹುಡುಕಿಕೊಂಡರು.

ಎರಡು ತಿಂಗಳ ನಂತರ ಮ್ಯಾನೇಜರ್ ಕರೆಸಿ ಒಂದು ಪ್ರಿಂಟ್ ತೋರಿಸಿದರು. ‘ಇಂಥ ಮೇಲ್‌ಗಳು ನಮ್ಮ ಹೆಸರಿನಲ್ಲಿ ಹೋಗ್ತಾ ಇವೆಯಂತೆ. ನಿಮಗೇನಾದ್ರೂ ಬಂದಿತ್ತಾ?’

ಅದೇ ಚಿಹ್ನೆ. ಅದೇ ನಲವತ್ತೆಂಟು ಗಂಟೆ.

‘ಇದಕ್ಕೆ ನಾನು ಉತ್ತರ ಕೊಟ್ಟಿದ್ದೇನೆ’ ಎಂದೆ. ದುಡ್ಡು ಹೋದದ್ದು ಅದರ ಮರುದಿನವೇ, ಎಲ್ಲೋ ದೂರದ ಊರಿನಲ್ಲಿ ಯಾರೋ ನನ್ನ ಕಾರ್ಡಿನ ಮೇಲೆ ಮಾಡಿದ ಖರೀದಿಗೆ. ಮ್ಯಾನೇಜರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬಯ್ಯಲಿಲ್ಲ, ಒಳ್ಳೆಯ ಮನುಷ್ಯ. ಬ್ಯಾಂಕು ಎಂದಿಗೂ ಪಾಸ್‌ವರ್ಡ್ ಕೇಳುವುದಿಲ್ಲ, ಫೋನಿನಲ್ಲೂ ಇಲ್ಲ, ಮೇಲ್‌ನಲ್ಲೂ ಇಲ್ಲ ಎಂದರು. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಬ್ಯಾಂಕಿನ ವಿಳಾಸವನ್ನು ನೀವೇ ಟೈಪ್ ಮಾಡಿ. ಹಿಂದಿನ ಮೂರು ಅಂಕಿ ಯಾರಿಗೂ ಓದಿ ಹೇಳಬೇಡಿ. ಅನುಮಾನ ಬಂದ ಗಳಿಗೆಯಲ್ಲೇ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ. ಓದುವ ನೀವೂ ಇದನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಳ್ಳಿ. ಊರಿಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವನ ಮಾತು, ಆದರೂ ಇಟ್ಟುಕೊಳ್ಳಿ.

ಅಲ್ಲಿಂದ ಸೀದಾ ದಿನೇಶನ ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿದಿತ್ತು. ಅವನು ವೈರುಗಳನ್ನು ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದ. ಕಂಪ್ಯೂಟರುಗಳನ್ನು ಯಾರಿಗೋ ಮಾರಿ, ಶಿವಮೊಗ್ಗದಲ್ಲಿ ಒಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ಸೇರುವವನಿದ್ದ. ಅವನ ಹೆಂಡತಿ ಮೆಷಿನ್ ಒರೆಸುತ್ತಿದ್ದಳು. ಕೂತ್ಕೊಳ್ಳಿ ಎನ್ನಲಿಲ್ಲ. ನಮ್ಮ ಕಡೆ ಹಾಗೆ ಹೇಳದೆ ಉಳಿಯುವುದೆಂದರೇನು, ನಿಮಗೇ ಗೊತ್ತು.

‘ದಿನೇಶ, ತಪ್ಪು ನನ್ನದೇ ಮಾರಾಯ. ಎಲ್ಲ ನಾನೇ ಬರೆದು ಕೊಟ್ಟದ್ದು’ ಎಂದೆ. ಮೇಲ್ ವಿಷಯ ಪೂರ್ತಿ ಹೇಳಿದೆ.

‘ಹೌದಾ? ಗೊತ್ತಾಯ್ತಲ್ಲ, ಒಳ್ಳೇದಾಯ್ತು ಸಾರ್.’

‘ಕ್ಷಮಿಸಬೇಕು ನೀನು.’

ಅವನು ವೈರ್ ಸುತ್ತುವುದನ್ನು ನಿಲ್ಲಿಸಿದ. ‘ಒಂದು ಮಾತು ಹೇಳ್ಲಾ ಸಾರ್? ಅವತ್ತು ಹೋಟೆಲಲ್ಲಿ ಎಲ್ಲರ ಎದುರಿಗೆ ಹೇಳಿದ್ರಿ. ಇವತ್ತು ಶಟರ್ ಒಳಗೆ ಬಂದು ನಂಗೊಬ್ಬಂಗೆ ಹೇಳ್ತಿದೀರಿ.’

ನನಗೆ ನಾಚಿಕೆಯಾಯಿತು. ಇಷ್ಟು ವಯಸ್ಸಾದ ಮೇಲೆ ಹಾಗೆ ನಾಚಿಕೆಯಾಗಬಾರದು ಮನುಷ್ಯನಿಗೆ.

ಮರುದಿನ ಬೆಳಿಗ್ಗೆ ಅದೇ ಹೋಟೆಲಿಗೆ ಹೋದೆ. ಅದೇ ಮೇಜು, ಅದೇ ಜನ. ನಿಂತುಕೊಂಡೇ ಹೇಳಿದೆ. ದಿನೇಶನದ್ದು ಒಂದು ಪೈಸೆಯಷ್ಟೂ ತಪ್ಪಿಲ್ಲ, ದಡ್ಡತನ ನನ್ನದು ಎಂದೆ. ಅವರು ಮುಖ ಮುಖ ನೋಡಿಕೊಂಡರು.

‘ನಿಮ್ದು ದೊಡ್ಡ ಮನಸ್ಸು ಬಿಡಿ ಪೋಸ್ಟ್ ಮಾಸ್ಟ್ರೆ’ ಎಂದರು ಒಬ್ಬರು.

ಇನ್ನೊಬ್ಬರು ದನಿ ಇಳಿಸಿ ಕೇಳಿದರು, ‘ದುಡ್ಡು ವಾಪಸ್ ಕೊಟ್ನಾ ಹಾಗಾದ್ರೆ?’

ಎಷ್ಟು ಬಿಡಿಸಿ ಹೇಳಿದರೂ ಅಷ್ಟೆ. ನಾನು ಹೇಳಿದಷ್ಟೂ ಅವರಿಗೆ ನನ್ನ ಒಳ್ಳೆಯತನ ಕಾಣುತ್ತಿತ್ತು, ದಿನೇಶನ ಕಳ್ಳತನ ಗಟ್ಟಿಯಾಗುತ್ತಿತ್ತು. ಕಾಫಿ ಕುಡಿಯದೆ ಎದ್ದು ಬಂದೆ. ದಿನೇಶ ಭಾನುವಾರ ಊರು ಬಿಟ್ಟ.

ಅದಕ್ಕೇ ಈ ವಾರ ಇದನ್ನು ಇಲ್ಲಿ, ಅವನ ಹೆಸರು ಹಾಕಿ, ನನ್ನ ಹೆಸರಿನ ಕೆಳಗೆ ಬರೆದಿದ್ದೇನೆ. ಅಂದು ನಾನು ಆಡಿದ ಅರ್ಧ ಮಾತನ್ನು ಸಂಜೆಯೊಳಗೆ ನಂಬಿದಿರಲ್ಲ, ಇಂದು ಪೂರ್ತಿ ಹೇಳಿದ್ದನ್ನು ನಂಬುತ್ತೀರಾ?