ಬಿಚ್ಚಿ ನೋಡದ ಡಬ್ಬ

ಅಬ್ದುಲ್ ಶುಕೂರ್ ಅವರ ಕೋಣೆಗೆ ಬೀಗ ಬಿದ್ದು ಇಪ್ಪತ್ತು ದಿನವಾಯಿತು. ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗಿನ ಆ ಇಕ್ಕಟ್ಟಿನಲ್ಲಿ ಒಂದು ಟೈಪ್‌ರೈಟರ್, ಎರಡು ಕುರ್ಚಿ, ಗೋಡೆಗೆ ಅಂಟಿಸಿದ ಒಂದು ಹಾಳೆ. ಇಷ್ಟನ್ನು ಇಟ್ಟುಕೊಂಡು ಹದಿನೆಂಟು ವರ್ಷ ಅವರು ಊರವರನ್ನು ವಿಮಾನ ಹತ್ತಿಸಿದರು. ಪಾಸ್‌ಪೋರ್ಟಿನ ಅರ್ಜಿ ತುಂಬುವುದು, ಟಿಕೆಟ್ ಮಾಡಿಸುವುದು ಕಸುಬು. ಆದರೆ ಜನ ಬರುತ್ತಿದ್ದದ್ದು ಅವರ ಮಾತು ಕೇಳಲಿಕ್ಕೆ. ದುಬೈಯಲ್ಲಿರುವ ಮಗನ ಮನೆಗೆ ಹೊರಟ ತಾಯಿ, ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟ ಮುದುಕರು, ಸಿಂಗಾಪುರ ನೋಡಿ ಬರುವ ಆಸೆಯ ಕಾಲೇಜು ಮೇಷ್ಟ್ರು, ಯಾರೇ ಆಗಲಿ, ಎದುರಿನ ಕುರ್ಚಿಯಲ್ಲಿ ಕೂತು ಅದನ್ನೆಲ್ಲ ಕೇಳಿಯೇ ಏಳಬೇಕು.

"ಪಾಸ್‌ಪೋರ್ಟಿನ ಜೆರಾಕ್ಸ್ ಎರಡು ಮಾಡಿ. ಒಂದು ಪೆಟ್ಟಿಗೆಯಲ್ಲಿ, ಒಂದು ಮನೆಯಲ್ಲಿ. ಹೋಗುವ ಮನೆಯ ವಿಳಾಸ ಆ ಊರಿನ ಭಾಷೆಯಲ್ಲಿ ಬರೆಸಿ ಕಿಸೆಯಲ್ಲಿ ಇಟ್ಟುಕೊಳ್ಳಿ. ದಾರಿ ತಪ್ಪಿದಾಗ ಬಾಯಿ ಬರುವುದಿಲ್ಲ, ಚೀಟಿಯೇ ಗತಿ. ಮಾತ್ರೆ ಉಂಟಾದರೆ ಡಾಕ್ಟರು ಬರೆದ ಚೀಟಿಯೂ ಒಟ್ಟಿಗೆ ಇರಲಿ. ಕಂಡಕಂಡಲ್ಲಿ ಫೋಟೋ ತೆಗೆಯಬೇಡಿ. ಪೆಟ್ಟಿಗೆಯ ನಾಲ್ಕೂ ಬದಿಗೆ ದೊಡ್ಡದಾಗಿ ಹೆಸರು ಬರೆಯಿರಿ."

ಕೊನೆಯದನ್ನು ಹೇಳುವಾಗ ಮಾತ್ರ ಅವರ ಬೆರಳು ಮೇಜಿನ ಮೇಲೆ ಕುಟ್ಟುತ್ತಿತ್ತು. "ಯಾರು ಏನು ಕೊಟ್ಟರೂ ಬಿಚ್ಚಿ ನೋಡದೆ ತಗೊಳ್ಬೇಡಿ."

ಪಕ್ಕದ ಬೀಡಾ ಅಂಗಡಿಯ ಹುಕ್ರಪ್ಪ ಸುಣ್ಣ ಸವರುತ್ತಾ ಅಲ್ಲಿಂದಲೇ ಕೂಗುವನು: "ಅವರು ಹೇಳಿದ್ದು ಕೇಳಿ ಮಾರಾಯ್ರೆ! ವಿಮಾನದ ಬಾಗಿಲು ಯಾವ ಬದಿಗೆ ಉಂಟು ಅಂತ ಮಾತ್ರ ಕೇಳ್ಬೇಡಿ, ಅದು ಅವರಿಗೆ ಗೊತ್ತಿಲ್ಲ."

ನಿಜವೇ. ಐವತ್ತೇಳು ವರ್ಷದವರೆಗೆ ಶುಕೂರ್ ವಿಮಾನ ಹತ್ತಿರಲಿಲ್ಲ.

ಬೆರಳು ಕುಟ್ಟುವುದಕ್ಕೆ ಕಾರಣ ಕಕ್ಕಿಂಜೆಯ ಶರೀಫ್. ತೊಂಬತ್ತಾರರಲ್ಲಿ ಅವನು ಮುಂಬಯಿಗೆ ಬಸ್ಸು ಹತ್ತಿ, ಅಲ್ಲಿಂದ ದುಬೈಗೆ ಹಾರಬೇಕಿದ್ದವ. ಪ್ರಾಯ ಇಪ್ಪತ್ತೆರಡು. ಬಸ್ಸು ಹೊರಡುವ ಹೊತ್ತಿಗೆ ಪರಿಚಯದವರೊಬ್ಬರು ಓಡಿ ಬಂದು, ಬಟ್ಟೆಯಲ್ಲಿ ಹೊಲಿದ ಒಂದು ಕಟ್ಟು ಕೊಟ್ಟರು, ಅಲ್ಲಿರುವ ತಮ್ಮನಿಗೆ ಅಂತ. ಗಲ್ಫಿಗೆ ಹೋಗುವವನ ಕೈಗೆ ಹೀಗೆ ಉಪ್ಪಿನಕಾಯಿ, ಒಣಮೀನು, ಹಲ್ವ ಕೊಡುವುದು ನಮ್ಮಲ್ಲಿ ಇದ್ದದ್ದೇ. ಬೇಡ ಅಂದರೆ ಎರಡು ಮನೆಗಳ ಮಾತು ನಿಲ್ಲುತ್ತದೆ.

"ಬಿಚ್ಚಿ ನೋಡ್ಲಾ ಶುಕೂರಾಕ?" ಎಂದು ಶರೀಫ್, ಬಸ್ಸು ಹತ್ತಿಸಲು ಬಂದಿದ್ದ ಶುಕೂರ್ ಅವರನ್ನು ಮೆಲ್ಲಗೆ ಕೇಳಿದ್ದ.

"ಎದುರೆದುರೇ ಬಿಚ್ಚಿದರೆ ಅವರಿಗೆ ಬೇಜಾರಾಗ್ತದೆ ಮಾರಾಯ. ಸಾಂಬಾರ ಸಾಮಾನು, ತಗೊಂಡು ಹೋಗು."

ಕಟ್ಟಿನೊಳಗೆ ಕಾಲು ಕಿಲೋ ಗಸಗಸೆ ಇತ್ತು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಅದೇ ಕಾಳು ಅಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಶರೀಫ್ ಏಳು ತಿಂಗಳು ಜೈಲಿನಲ್ಲಿದ್ದು, ಉಟ್ಟ ಬಟ್ಟೆಯಲ್ಲಿ ವಾಪಸ್ಸು ಬಂದ. ಅವನ ಕೇಸಿನ ಅರಬ್ಬಿ ಕಾಗದ ಹಿಡಿದುಕೊಂಡು ಅವನ ತಂದೆ ಶುಕೂರ್ ಅವರ ಕೋಣೆಗೇ ಬಂದಿದ್ದರು. ಅದನ್ನು ಓದಿಸಿಕೊಂಡಾಗ ಶುಕೂರ್ ಕಲಿತದ್ದು ಒಂದೇ ಶಬ್ದ: ಖಶ್‌ಖಾಶ್, ಗಸಗಸೆಗೆ ಅಲ್ಲಿಯ ಹೆಸರು. ಈ ಎಚ್ಚರಿಕೆಗಳನ್ನೆಲ್ಲ ಬರೆದ ಗೋಡೆಯ ಹಾಳೆ ಮರುವಾರ ಟೈಪಾಯಿತು. ಆದರೆ ಕಕ್ಕಿಂಜೆಗೆ ಹೋಗಿ ಶರೀಫನ ಮುಖ ನೋಡಲು ಅವರಿಂದ ಆಗಲಿಲ್ಲ. ಚಾರ್ಮಾಡಿಯ ಕಡೆ ಕೆಲಸ ಬಿದ್ದರೂ, ಕಕ್ಕಿಂಜೆಯ ದಾರಿಬದಿಯಲ್ಲಿ ಅವನು ಇಟ್ಟ ಚಾ ಹೋಟೆಲು ಕಾಣದ ಬದಿಯ ಸೀಟಿನಲ್ಲೇ ಕೂರುತ್ತಿದ್ದರು. ಮನೆಯಲ್ಲಿ ಹೆಂಡತಿ ರಹ್ಮತ್‌ಗೂ ವಿಷಯ ತಿಳಿಸಲಿಲ್ಲ.

ಎರಡು ಸಾವಿರದ ಏಳರಲ್ಲಿ ಅವರ ಮಗಳು ಶಬ್ನಾ ದುಬೈಯಲ್ಲಿ ಹೆತ್ತಳು. ಅಳಿಯ ಇಮ್ತಿಯಾಝ್ ಗಂಡಹೆಂಡಿರಿಬ್ಬರಿಗೂ ವಿಸಿಟ್ ವೀಸಾ ಕಳಿಸಿದ. ತೋಡಾರಿನ ಮನೆಯ ಜಗಲಿಯಲ್ಲಿ ಕಟ್ಟುಗಳು ಬಂದು ಬಿದ್ದವು. ಶುಕೂರ್ ಒಂದೊಂದನ್ನೂ ತಂದವರ ಎದುರೇ ಕತ್ತರಿ ಹಾಕಿ ಬಿಚ್ಚಿದರು. ಹಾಜಬ್ಬ ಎಂಬ ಮುದುಕರಂತೂ, "ಮಗಳ ಮದುವೆ ಸೀರೆಯನ್ನೂ ಹೀಗೆ ಬಿಡಿಸಿ ನೋಡಿರಲಿಲ್ಲ ನಾನು" ಎಂದು ಸಿಟ್ಟಿನಲ್ಲಿ ಎದ್ದು ಹೋದರು. ಹಸಿರು ಪೆಟ್ಟಿಗೆಯೊಂದನ್ನು ಮಾತ್ರ ಶುಕೂರ್ ಮುಟ್ಟಲಿಲ್ಲ. ಅದರಲ್ಲಿದ್ದದ್ದು ಬಾಣಂತಿಯ ಸಾಮಾನು. ಅದಕ್ಕೆ ಗಂಡಸರು ಕೈ ಹಾಕುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ರಹ್ಮತ್ ತುಂಬಿ ಬೀಗ ಹಾಕಿಕೊಟ್ಟ ಮೇಲೆ ನಾಲ್ಕೂ ಬದಿಗೆ ದೊಡ್ಡದಾಗಿ ತಮ್ಮ ಹೆಸರು ಬರೆದರು, ಅಷ್ಟೆ.

ಬಜಪೆಯಿಂದ ವಿಮಾನ ಮೇಲೇರಿ, ಕಿವಿ ಬಿಟ್ಟುಕೊಂಡು, ರಹ್ಮತ್‌ಗೆ ಮಾತಾಡುವ ಧೈರ್ಯ ಬಂದಿತ್ತು.

"ಶಬ್ನಾಳಿಗೆ ನಿದ್ದೆಯೇ ಇಲ್ಲವಂತೆ. ತೊಂದರೆ ಇಲ್ಲ, ಗಸಗಸೆ ತಂದಿದ್ದೇನೆ. ಎರಡು ದಿನ ಪಾಯಸ ಕುಡಿದರೆ ಸರಿಯಾಗ್ತದೆ."

"ಏನು ತಂದಿದ್ದಿ?"

"ಗಸಗಸೆ. ಪೆಟ್ಟಿಗೆಯೊಳಗೆ ಬಿಸ್ಕತ್ತಿನ ಡಬ್ಬದಲ್ಲಿ ಉಂಟು. ಯಾಕೆ, ಅಲ್ಲಿ ಸಿಗ್ತದಾ?"

ಶುಕೂರ್ ಕಿಟಕಿಯ ಹೊರಗೆ ನೋಡಿದರು. ಬಿಳಿ ಬಿಸಿಲು, ಕೆಳಗೆ ನೀರು. ಇಳಿಯುವ ಹಾಗಿಲ್ಲ, ಡಬ್ಬ ಎಸೆಯುವ ಹಾಗಿಲ್ಲ. ಪೆಟ್ಟಿಗೆ ಅವರ ಕಾಲಿನ ಅಡಿಯಲ್ಲೇ ಎಲ್ಲೋ ಇತ್ತು, ನಾಲ್ಕು ಬದಿಗೂ ಅವರದೇ ಹೆಸರು. ಶರೀಫನ ಪ್ರಕರಣವನ್ನು ಆಗ, ಹನ್ನೊಂದು ವರ್ಷದ ಮೇಲೆ, ಹೆಂಡತಿಯ ಕಿವಿಯಲ್ಲಿ ಹೇಳಿದರು.

ರಹ್ಮತ್ ಅವರ ಕಡೆ ತಿರುಗಿದರು. "ಊರಿಗೆಲ್ಲ ಹೇಳುವವರು ನನಗೆ ಯಾಕೆ ಹೇಳಲಿಲ್ಲ?"

"ಮರ್ಯಾದೆ ಹೋಗ್ತದೆ ಅಂತ."

"ಯಾರದ್ದು?"

ಶುಕೂರ್ ಮಾತು ತಿರುಗಿಸಿದರು: "ಇಳಿದ ಮೇಲೆ ನೀನು ಕೈಚೀಲ ಹಿಡಿದುಕೊಂಡು ಮುಂದೆ ಹೋಗು. ಹಿಂದೆ ನೋಡಬೇಡ. ನಾನು ಬರದಿದ್ದರೆ ಇಮ್ತಿಯಾಝ್‌ಗೆ ಹೇಳು."

"ಹಾಕಿದ್ದು ನಾನು, ಜೈಲಿಗೆ ಹೋಗುವುದು ನೀವಾ? ಸುಮ್ಮನೆ ಕೂತ್ಕೊಳ್ಳಿ." ಅವರ ಅಂಗಿಯ ತೋಳನ್ನು ರಹ್ಮತ್ ಹಿಡಿದುಕೊಂಡವರು ವಿಮಾನ ಇಳಿಯುವವರೆಗೂ ಬಿಡಲಿಲ್ಲ.

ಓಡುವ ಪಟ್ಟಿಯ ಮೇಲೆ ಹಸಿರು ಪೆಟ್ಟಿಗೆ ಬಂತು. ಶುಕೂರ್ ಕೈ ಚಾಚಲಿಲ್ಲ. ಅದು ಒಂದು ಸುತ್ತು ಹೋಗಿ ತಿರುಗಿ ಬಂತು. ಎರಡನೆಯ ಸಲವೂ ಹೋಯಿತು. ಜನ ತಮ್ಮ ತಮ್ಮ ಸಾಮಾನು ತಳ್ಳಿಕೊಂಡು ಸೀದಾ ಹೊರಗೆ ನಡೆಯುತ್ತಿದ್ದರು, ಯಾರನ್ನೂ ಯಾರೂ ತಡೆಯುತ್ತಿರಲಿಲ್ಲ. ಸುಮ್ಮನೆ ಅವರ ಹಿಂದೆ ಹೋಗಬಹುದಿತ್ತು. ಆದರೆ ಶರೀಫ್ ಕೂಡ ಹೀಗೆಯೇ ಸೀದಾ ನಡೆದಿದ್ದ. ಮೂರನೆಯ ಸಲ ಶುಕೂರ್ ಪೆಟ್ಟಿಗೆ ಎತ್ತಿಕೊಂಡು, ಸಮವಸ್ತ್ರದ ಒಬ್ಬನ ಮೇಜಿನ ಹತ್ತಿರ ಹೋಗಿ ಇಟ್ಟರು. ರಹ್ಮತ್ ಮುಂದೆ ಹೋಗದೆ ಬೆನ್ನಿಗೇ ಇದ್ದರು. ಇಷ್ಟು ವರ್ಷ ಟೈಪ್ ಮಾಡಿದ ಇಂಗ್ಲಿಷಿನಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಪೆಟ್ಟಿಗೆ ತೋರಿಸಿ, "ಖಶ್‌ಖಾಶ್" ಎಂದರು.

ಅವನ ಮುಖದ ನಗು ನಿಂತಿತು.

ಒಂದು ಕೋಣೆಗೆ ಕರೆದೊಯ್ದರು. ಕೈಗವಸು ಹಾಕಿದವನು ಡಬ್ಬದ ಮುಚ್ಚಳ ತೆಗೆದು, ಮೂಸಿ, ಫೋನು ಮಾಡಿದ. ಶುಕೂರ್ ಅವರನ್ನು ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದರು. ಮೊಮ್ಮಗುವಿಗೆ ಫಿದಾ ಎಂದು ಹೆಸರಿಟ್ಟಿದ್ದರು. ಹೆಸರು ಮಾತ್ರ ಕೇಳಿ, ಮುಖ ನೋಡದೆ ಒಳಗೆ ಹೋಗಬೇಕಾಗುತ್ತದೋ ಏನೋ ಎಂದುಕೊಂಡರು. ಗಂಟೆ ಕಳೆದ ಮೇಲೆ ಹಿರಿಯ ಅಧಿಕಾರಿಯೊಬ್ಬ ಬಂದ, ಜೊತೆಗೆ ಮಲಯಾಳಿ ನೌಕರ.

"ನೀವಾಗಿಯೇ ಯಾಕೆ ಹೇಳಿದ್ದು ಅಂತ ಕೇಳ್ತಾ ಇದ್ದಾರೆ" ಎಂದು ನೌಕರ ಮಲಯಾಳದಲ್ಲಿ ಕೇಳಿದ.

"ಹೆದರಿಕೆಯಾಯ್ತು."

"ಹೆದರಿದವರು ಅಡಗಿಸ್ತಾರಂತೆ."

"ಅಡಗಿಸುವಷ್ಟು ಧೈರ್ಯ ನನಗಿಲ್ಲ" ಎಂದರು ಶುಕೂರ್.

ಅಧಿಕಾರಿ ರಹ್ಮತ್‌ರನ್ನು ನೋಡಿದ, ಪೆಟ್ಟಿಗೆಯಿಂದ ಹೊರಬಿದ್ದ ಮಗುವಿನ ಟೊಪ್ಪಿಯನ್ನು ನೋಡಿದ. ಡಬ್ಬ ಅಲ್ಲೇ ಉಳಿಯಿತು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟರು. ಹೊರಗೆ ಕಾಯುತ್ತಿದ್ದ ಇಮ್ತಿಯಾಝ್, "ಯಾಕೆ ಮಾಮ ಇಷ್ಟು ತಡ?" ಎಂದಾಗ, "ಪೆಟ್ಟಿಗೆ ಬರುವಾಗ ತಡವಾಯ್ತು" ಅಂದರು. ಮುಂದೆ ಈ ಕತೆಯನ್ನು ಅವರೇ ಹೇಳುವಾಗ ಯಾರಾದರೂ ನಕ್ಕರೆ ಅವರಿಗೆ ಸಿಟ್ಟು ಬರುತ್ತಿತ್ತು. "ನನ್ನನ್ನು ಬಿಟ್ಟರು ಅಂತ ನಿಮ್ಮನ್ನೂ ಬಿಡ್ತಾರೆ ಅಂತ ಇಲ್ಲ" ಎನ್ನುತ್ತಿದ್ದರು. ಗೋಡೆಯ ಹಾಳೆಯ ಅಡಿಯಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿತು: ಮನೆಯವರು ಕಟ್ಟಿದ್ದನ್ನೂ ಬಿಚ್ಚಿ ನೋಡಿ.

ಊರಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಅವರು ಕಕ್ಕಿಂಜೆಯಲ್ಲಿ ಬಸ್ಸಿನಿಂದ ಇಳಿದರು. ಶರೀಫ್ ಗ್ಲಾಸು ತೊಳೆಯುತ್ತಿದ್ದ. ಕೂತುಕೊಳ್ಳಿ ಎನ್ನಲಿಲ್ಲ. ಶುಕೂರ್ ತಾವಾಗಿ ಕೂತು ಎಲ್ಲವನ್ನೂ ಹೇಳಿದರು.

"ನಾನು ಕೂತದ್ದು ಒಂದೇ ಗಂಟೆ ಶರೀಫಾ."

"ಬಾಗಿಲು ಹಾಕಿದ್ರಾ?"

"ಇಲ್ಲ, ತೆರೆದೇ ಇತ್ತು."

"ಹಾಗಾದರೆ ನೀವು ಏನೂ ನೋಡಲಿಲ್ಲ."

ಶುಕೂರ್ ತಲೆ ತಗ್ಗಿಸಿದರು. "ಅವತ್ತು ಬಿಚ್ಚಬೇಡ ಅಂದದ್ದು ನಾನು."

"ಗೊತ್ತುಂಟು. ನೀವು ಬಂದು ಹೇಳ್ತೀರಾ ಅಂತ ನೋಡ್ತಾ ಇದ್ದೆ." ಶರೀಫ್ ಚಾ ತಂದು ಎದುರಿಗಿಟ್ಟ. "ಕುಡಿಯಿರಿ, ಆರ್ತದೆ."

ಇಪ್ಪತ್ತು ದಿನದ ಹಿಂದೆ, ತೋಡಾರಿನ ಮಸೀದಿಯ ಹಿತ್ತಿಲಲ್ಲಿ ಶುಕೂರ್ ಅವರ ಗೋರಿಗೆ ಮೂರು ಹಿಡಿ ಮಣ್ಣು ಹಾಕಿ ಬಂದ ಶರೀಫ್ ಆ ಬೆಳಗಿನ ಭೇಟಿಯನ್ನು ಹುಕ್ರಪ್ಪನಿಗೆ ಹೇಳಿದ. ಆ ಚಾ ಕುಡಿದ ಮೇಲೆ, ಸಾಯುವವರೆಗಿನ ಎರಡು ವರ್ಷ, ತಿಂಗಳಿಗೊಮ್ಮೆಯಾದರೂ ಶುಕೂರ್ ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದರಂತೆ. ಬರುವಾಗ ಹೋಟೆಲು ಕಾಣುವ ಬದಿಯ ಸೀಟು ಹಿಡಿಯುತ್ತಿದ್ದರಂತೆ.